ನೆಲವನ್ನಪ್ಪಿದ ಗೋಳಿ

ಮನೆಯ ಮುಂದೆ ಹಸಿರು ಹಾಸಿರಬೇಕೆಂಬುದು ಇಂದಿನ ಗೃಹಸ್ಥರಲ್ಲಿ ಅನೇಕರ ಆಸೆ. ನನ್ನ ಆಸೆಯೂ ಅದೇ ಆಗಿತ್ತು. ನೀಲಗುಂದದಲ್ಲಿ ಹಿರಿಯರಿಂದ ಬಂದ ನಿವೇಶನದಲ್ಲಿ ನಾಲ್ಕು ವರ್ಷಗಳ ಹಿಂದೆ ಪುಟ್ಟದೊಂದು ಮನೆ ಕಟ್ಟಿಸಿದೆ. ಅದರ ಮುಂದಣ ಹತ್ತಡಿ ಅಗಲದ ಅಂಗಳದಲ್ಲಿ ನಗರದ ಬಂಗಲೆಗಳಲ್ಲಿ ಕಾಣುವಂಥ ಹುಲ್ಲುಹಾಸನ್ನು ಬೆಳೆಸಬೇಕೆಂದು ಸಂಕಲ್ಪ ಮಾಡಿದೆ. ಚೌಕಚೌಕವಾಗಿ ಕತ್ತರಿಸಿದ ಹುಲ್ಲಿನ ಹಾಸುಗಳು ನರ್ಸರಿಯಿಂದ ಬಂದವು. ಮರುದಿನದ ಪಾಠದ ಟಿಪ್ಪಣಿಗಳನ್ನು ಬದಿಗಿರಿಸಿ ಬೆಳಗು ಸಂಜೆ ನೀರಿನ ಕೊಳವೆ ಹಿಡಿದು ನಿಂತೆ. ಹುಲ್ಲು ಚಿಗುರಿತು, ಮನಸ್ಸೂ ಚಿಗುರಿತು.

ಆದರೆ ನಮ್ಮದು ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆಯನ್ನು ಕಂಡರೆ ಕೈಮುಗಿಯುವ ಸೀಮೆ. ಫಾಲ್ಗುಣದಲ್ಲಿ ಕೊಳವೆಬಾವಿಯ ನೀರು ಇಳಿಯಿತು. ಕುಡಿಯುವ ನೀರಿಗೇ ಬಿಂದಿಗೆಗಳ ಸಾಲು ನಿಂತಿರುವಾಗ ಹುಲ್ಲಿಗೆ ನೀರುಣಿಸುವವನು ಊರವರಿಗೆ ಮುಖ ತೋರಿಸುವುದಾದರೂ ಹೇಗೆ? ಯುಗಾದಿಯ ಹೊತ್ತಿಗೆ ನನ್ನ ಹುಲ್ಲುಹಾಸು ಹಳೆಯ ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ಕೃತ್ತಿಕೆಯ ಮೊದಲ ಮಳೆ ಬಿದ್ದ ಹತ್ತು ದಿನಗಳಲ್ಲಿ ಆ ಸತ್ತ ಹುಲ್ಲಿನ ನಡುವೆ ಬೇರೊಂದು ಹಸಿರು ಮೂಡಿತು. ಕೆಂಪು ದಂಟು, ದಪ್ಪನೆಯ ನುಣುಪಾದ ಎಲೆ. ಒಂದೊಂದು ಗಿಡವೂ ಬಂಡಿಯ ಗಾಲಿಯ ಅರೆಗಳಂತೆ ಸುತ್ತಲೂ ಕವಲುಗಳನ್ನು ಚಾಚಿ ನೆಲಕ್ಕೆ ಅಂಟಿಕೊಂಡಿತ್ತು.

ಇದು ಕಳೆ ಎಂದು ನಾನು ನಿರ್ಧರಿಸಿದೆ. ಮೆಕ್ಕೆಜೋಳದ ಹೊಲಕ್ಕೆಂದು ತಂದು ಉಳಿದಿದ್ದ ಕಳೆನಾಶಕವನ್ನು ಪರಿಚಿತರೊಬ್ಬರಿಂದ ಪಡೆದು ಗೋಡೆಯ ಬದಿಗೆ ಸಿಂಪಡಿಸಿದೆ. ಎರಡು ದಿನಗಳ ಮೇಲೆ, ಉಳಿದುದನ್ನು ಕಿತ್ತು ಅಂಗಳ ಹಸನು ಮಾಡಲು ಕೂಲಿಯ ಅಜ್ಜಿಯೊಬ್ಬಳನ್ನು ಕರೆಸಿದೆ. ಕೆಲಸ ಒಪ್ಪಿಸಿ ಒಳಗೆ ಹೋಗಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತೆ. ಗಂಟೆಯ ಮೇಲೆ ಹೊರಗೆ ಬಂದು ನೋಡಿದರೆ ಕಿತ್ತ ಗಿಡ ಒಂದೂ ತಿಪ್ಪೆಗೆ ಹೋಗಿರಲಿಲ್ಲ. ಅಜ್ಜಿಯ ಉಡಿ ತುಂಬಿತ್ತು.

"ಅವ್ವಾ, ಆ ಕಸ ಯಾಕೆ ಕಟ್ಟಿಕೊಂಡೆ?" ಎಂದೆ.

"ಯಪ್ಪಾ, ಕಸ ಅಂತೀಯಲ್ಲೋ! ಇದು ಗೋಳಿ ಸೊಪ್ಪು. ಒಂದು ಹಿಡಿ ಬ್ಯಾಳಿ ಹಾಕಿ ಕುದಿಸಿದ್ರೆ ಮನಿ ಮಂದಿಗೆಲ್ಲ ಸಂಜಿ ರೊಟ್ಟಿಗೆ ಆತು" ಎಂದು ನಕ್ಕಳು.

ಅವಳು ಕಿತ್ತಿದ್ದುದು ಗೋಡೆಯ ಬದಿಯಿಂದಲೇ ಆರಂಭಿಸಿ. ಔಷಧಿ ಹೊಡೆದ ಸಂಗತಿಯನ್ನು ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿದಳು. ಬಳಿಕ ಮಾತಾಡದೆ ಎದ್ದು ತಿಪ್ಪೆಯವರೆಗೆ ನಡೆದು ಉಡಿಯನ್ನು ಕೊಡವಿದಳು. ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳುಹಿಸುವುದು ನಮ್ಮ ನಾಡಿನ ಪದ್ಧತಿ. ನನ್ನ ಹೊಸ ಮನೆಯ ಅಂಗಳದಲ್ಲಿ ಮುದುಕಿಯೊಬ್ಬಳು ತುಂಬಿದ ಉಡಿಯನ್ನು ಬರಿದು ಮಾಡಿಕೊಂಡಳು. ಕನ್ನಡದಲ್ಲಿ ಎಂ.ಎ. ಪದವಿ ಪಡೆದವನಿಗೆ ತನ್ನ ಅಂಗಳದಲ್ಲಿ ಬೆಳೆದ ಗಿಡದ ಕನ್ನಡ ಹೆಸರು ತಿಳಿದಿರಲಿಲ್ಲವೆಂಬ ನಾಚಿಕೆ ಇದರ ಮುಂದೆ ತೀರ ಚಿಕ್ಕದು.

ಆ ದಿನದಿಂದ ಈ ಗಿಡದ ಬೆನ್ನು ಹತ್ತಿದೆ. ನಾನು ಓದಿ, ಕೇಳಿ, ಬೆಳೆಸಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಹೆಸರಿನ ಸಂಗತಿ

ಗೋಳಿ ಎಂದೊಡನೆ ಕರಾವಳಿಯ ವಾಚಕರು ಬೆರಗಾಗಬಹುದು. ಅಲ್ಲಿ ಗೋಳಿಯೆಂದರೆ ಆಲದ ಜಾತಿಯ ಮಹಾವೃಕ್ಷ. ಒಂದೇ ಹೆಸರನ್ನು ಒಂದೆಡೆ ಆಕಾಶಕ್ಕೆ ಕೊಂಬೆ ಚಾಚಿದ ಮರಕ್ಕೂ ಇನ್ನೊಂದೆಡೆ ಗೇಣೆತ್ತರ ಏಳದ ಗಿಡಕ್ಕೂ ನಮ್ಮ ಜನ ಇಟ್ಟಿದ್ದಾರೆ. ನಮ್ಮ ಸೊಪ್ಪನ್ನು ಮರಾಠಿಗರು ಘೋಳ್ ಎನ್ನುತ್ತಾರೆ. ಎರಡು ನುಡಿಗಳ ನಂಟು ಇಲ್ಲಿ ಕಿವಿಗೇ ಕೇಳಿಸುತ್ತದೆ. ತಮಿಳರು ಇದನ್ನು ಪರುಪ್ಪುಕೀರೈ, ಎಂದರೆ ಬೇಳೆಸೊಪ್ಪು, ಎಂದು ಕರೆದು ಅಡುಗೆಯ ವಿಧಾನವನ್ನು ಹೆಸರಿನಲ್ಲಿಯೇ ಹೇಳಿಬಿಟ್ಟಿದ್ದಾರೆ. ಸಂಸ್ಕೃತದಲ್ಲಿ ಇದು ಲೋಣಿಕಾ. ಲವಣದ ನೆನಪು ತರುವ ಈ ಹೆಸರು ಎಲೆಯ ಉಪ್ಪು ಬೆರೆತ ಹುಳಿ ರುಚಿಗೆ ಒಪ್ಪುವಂತಿದೆ. ಉಪ್ಪೇರಿದ ನೆಲವನ್ನು ಇತರ ಸೊಪ್ಪುಗಳಿಗಿಂತ ಹೆಚ್ಚಾಗಿ ಸಹಿಸುವ ಶಕ್ತಿಯೂ ಈ ಗಿಡಕ್ಕಿದೆ.

ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಹೆಸರು ಪೋರ್ಚುಲಾಕಾ ಒಲೆರೇಸಿಯಾ. ಲಿನೇಯಸನು 1753ರ ತನ್ನ ಗ್ರಂಥದಲ್ಲಿ ಈ ಹೆಸರನ್ನು ನಮೂದಿಸಿದನು. ಮೊದಲ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ಬಾಗಿಲು ಎಂಬರ್ಥದ ಮೂಲವನ್ನು ಹೇಳುತ್ತಾರೆ. ಎರಡನೆಯದಕ್ಕೆ ಅಡುಗೆಯ ಸೊಪ್ಪು ಎಂಬ ಭಾವವಿದೆ. ಬಾಗಿಲೇಕೆ ಎಂಬುದನ್ನು ಗಿಡವನ್ನೇ ನೋಡಿ ತಿಳಿಯಬೇಕು. ಐದು ದಳಗಳ ಪುಟ್ಟ ಹಳದಿ ಹೂ ಬಿಸಿಲೇರಿದಾಗ ಅರಳಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅದು ಕಾಯಾಗಿ ಬಲಿತಾಗ ಕಾಯಿಯ ಮೇಲರ್ಧವು ಕುಂಕುಮದ ಭರಣಿಯ ಮುಚ್ಚಳದಂತೆ ಕಳಚಿ ಬೀಳುತ್ತದೆ. ಒಳಗೆ ಗಸಗಸೆಗಿಂತ ಸಣ್ಣದಾದ ಕಪ್ಪು ಬೀಜಗಳು.

ಸಾಯಲೊಲ್ಲದ ಗಿಡ

ಗೋಳಿಯ ಗಟ್ಟಿತನವನ್ನು ಹೊಲದಲ್ಲಿ ಎಡೆಕುಂಟೆ ಹೊಡೆದವರು ಬಲ್ಲರು. ಬೇರುಸಹಿತ ಕಿತ್ತೆಸೆದರೂ ಅದು ಕೂಡಲೇ ಸಾಯುವುದಿಲ್ಲ. ದಂಟಿನಲ್ಲಿಯೂ ಎಲೆಯಲ್ಲಿಯೂ ಕೂಡಿಟ್ಟ ನೀರಿನಿಂದ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಹೂ ಕಟ್ಟಿದ ಗಿಡವಾದರೆ ಬಿದ್ದಲ್ಲಿಯೇ ಬೀಜವನ್ನೂ ಮಾಗಿಸುತ್ತದೆ. ಕುಂಟೆಗೆ ಸಿಕ್ಕಿ ಹತ್ತು ತುಂಡಾದರೆ, ನೆಲ ಹಸಿಯಾಗಿದ್ದಲ್ಲಿ, ಹತ್ತು ತುಂಡುಗಳೂ ಬೇರು ಬಿಡಬಲ್ಲವು. ಚೆನ್ನಾಗಿ ಹರಡಿದ ಒಂದೇ ಗಿಡ ಎರಡು ಲಕ್ಷಕ್ಕೂ ಮಿಕ್ಕಿ ಬೀಜಗಳನ್ನು ಉದುರಿಸಬಲ್ಲುದೆಂದು ಲೆಕ್ಕ ಹಾಕಿದ್ದಾರೆ.

ಬೀಜದ ಆಯುಸ್ಸಾದರೂ ಎಷ್ಟು? 1879ರಲ್ಲಿ ಅಮೆರಿಕೆಯ ಮಿಚಿಗನ್ನಿನ ಕೃಷಿ ಕಾಲೇಜಿನಲ್ಲಿ ವಿಲಿಯಂ ಬೀಲ್ ಎಂಬ ಪ್ರಾಧ್ಯಾಪಕರು ಹಲವು ಬಗೆಯ ಕಳೆಗಳ ಬೀಜಗಳನ್ನು ಮರಳಿನೊಡನೆ ಬೆರೆಸಿ, ಇಪ್ಪತ್ತು ಸೀಸೆಗಳಲ್ಲಿ ತುಂಬಿ ನೆಲದಲ್ಲಿ ಹೂಳಿದರು. ಕೆಲವು ವರ್ಷಗಳಿಗೊಮ್ಮೆ ಒಂದೊಂದು ಸೀಸೆಯನ್ನು ತೆಗೆದು ಬಿತ್ತಿ ನೋಡಬೇಕೆಂಬುದು ಅವರ ಏರ್ಪಾಡು. ನಲವತ್ತು ವರ್ಷಗಳ ಮೇಲೆ ತೆಗೆದ ಸೀಸೆಯಲ್ಲಿಯೂ ಗೋಳಿಯ ಬೀಜ ಮೊಳೆಯಿತು. ಬೀಲರ ತರುವಾಯದವರು ಆ ಪರೀಕ್ಷೆಯನ್ನು ನಮ್ಮ ಶತಮಾನದಲ್ಲಿಯೂ ಮುಂದುವರಿಸಿದ್ದಾರೆ. ಇಂಥ ಗಿಡದ ಮೇಲೆ ಒಂದು ಸೀಸೆ ಔಷಧಿ ಹಿಡಿದು ಯುದ್ಧ ಸಾರಿದ ನನ್ನ ಸಾಹಸವನ್ನು ನೆನೆದು ಈಗ ನಗು ಬರುತ್ತದೆ.

ಬೆಳಗಿನ ಹುಳಿ

ಒಮ್ಮೆ ಅಜ್ಜಿಯನ್ನು ಮಾತಿಗೆಳೆದಾಗ, "ಮಳಿ ಹಿಂದಾದಾಗ ಹೊತ್ತು ಮೂಡೋ ಮುಂದ ಕಿತ್ತ ಸೊಪ್ಪು ಹುಳಿ, ಸಂಜಿಕೆ ಕಿತ್ತಿದ್ದು ಸಪ್ಪ. ಹುಣಸಿಹಣ್ಣು ಇಲ್ಲದ ದಿನ ಬೆಳಿಗ್ಗೇನೇ ಕೀಳಬೇಕು" ಎಂದಳು. ಮುದುಕಿಯರ ನಂಬಿಕೆಯಿರಬಹುದೆಂದು ನಾನು ಸುಮ್ಮನಾದೆ. ಆದರೆ ಇದು ನಂಬಿಕೆಯಲ್ಲ, ಶಾಸ್ತ್ರ.

ಸಾಮಾನ್ಯವಾಗಿ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲಾಮ್ಲವನ್ನು ಒಳಗೆಳೆದುಕೊಂಡು ಬಿಸಿಲಿನ ಬಲದಿಂದ ಆಹಾರ ತಯಾರಿಸುತ್ತವೆ. ರಂಧ್ರ ತೆರೆದಾಗ ನೀರೂ ಆವಿಯಾಗಿ ಹೋಗುವುದು ಅನಿವಾರ್ಯ. ಜೋಳ, ಮೆಕ್ಕೆಜೋಳಗಳಂಥ ಬೆಳೆಗಳು ಬಿಸಿಲು ನಾಡಿಗೆ ಒಗ್ಗುವ ಚುರುಕಾದ ವಿಧಾನವೊಂದನ್ನು ಕಲಿತಿವೆ. ಅವು ಕಡಿಮೆ ನೀರಿನಲ್ಲಿ ಬೇಗ ಬೆಳೆಯುತ್ತವೆ. ಪಾಪಾಸುಕಳ್ಳಿಯಂಥವುಗಳ ವಿಧಾನ ಬೇರೆ. ಅವು ಹಗಲು ಬಾಗಿಲು ಮುಚ್ಚಿ ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಒಳಗೆಳೆದ ಇಂಗಾಲಾಮ್ಲವನ್ನು ಮ್ಯಾಲಿಕ್ ಆಮ್ಲವೆಂಬ ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು ಹಗಲಿನಲ್ಲಿ ಬಳಸುತ್ತವೆ. ಇದರಿಂದ ನೀರು ಉಳಿಯುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ.

ಗೋಳಿಯಾದರೋ ಎರಡೂ ವಿದ್ಯೆಗಳನ್ನು ಬಲ್ಲುದು. ನೀರಿರುವಾಗ ಅದು ಜೋಳದಂತೆ ಚುರುಕಾಗಿ ಬೆಳೆಯುತ್ತದೆ. ಬರ ಬಿದ್ದೊಡನೆ ಕಳ್ಳಿಯ ದಾರಿಯನ್ನೂ ಹಿಡಿಯುತ್ತದೆ. ಈ ಎರಡು ವ್ಯಾಪಾರಗಳು ಎಲೆಯ ಬೇರೆ ಬೇರೆ ಭಾಗಗಳಲ್ಲಿ ಪ್ರತ್ಯೇಕವಾಗಿ ನಡೆಯುವುದಿಲ್ಲ, ಒಂದೇ ಜೀವಕೋಶಗಳಲ್ಲಿ ಹೆಣೆದುಕೊಂಡಿವೆ ಎಂಬುದನ್ನು 2022ರಲ್ಲಿ ಅಮೆರಿಕೆಯ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿಕೊಟ್ಟರು. ಬರವನ್ನು ತಾಳುವ ಬೆಳೆಗಳನ್ನು ರೂಪಿಸುವ ಪ್ರಯತ್ನದಲ್ಲಿ ವಿಜ್ಞಾನಿಗಳು ಗೋಳಿಯತ್ತ ನೋಡುತ್ತಿರುವುದು ಈ ಕಾರಣದಿಂದ. ಬರಗಾಲದ ರಾತ್ರಿಯಲ್ಲಿ ಎಲೆ ಹುಳಿಯನ್ನು ಕೂಡಿಡುತ್ತದೆ, ಹಗಲೆಲ್ಲ ಅದನ್ನು ಕರಗಿಸುತ್ತದೆ. ನಮ್ಮ ಅಜ್ಜಿಯ ನಾಲಗೆ ಹೇಳಿದ್ದು ಇದನ್ನೇ.

ಬೆಳೆಸುವ ಬಗೆ

ಕಳೆಯನ್ನು ಬೆಳೆಸುವುದನ್ನೂ ಕಲಿಯಬೇಕೇ ಎಂದು ಕೇಳುವವರುಂಟು. ಹೊಲದಲ್ಲಿ ತಾನಾಗಿ ಬರುವುದು ಬೇರೆ. ಅಂಗಳದಲ್ಲಿ ಅಂದವಾಗಿ ಹಾಸಿಕೊಂಡು ಊಟಕ್ಕೂ ಒದಗುವಂತೆ ಮಾಡುವುದು ಬೇರೆ.

ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವನ್ನು ಆರಿಸಬೇಕು. ನೆರಳಿನಲ್ಲಿ ಗಿಡ ಸೊರಗಿ ಉದ್ದುದ್ದ ಬೆಳೆಯುತ್ತದೆ. ಮಣ್ಣು ಕೆಂಪಾಗಿರಲಿ, ಗರಸಾಗಿರಲಿ, ಚಿಂತೆಯಿಲ್ಲ. ನೀರು ಮಾತ್ರ ನಿಲ್ಲಬಾರದು. ನಮ್ಮ ಕಡೆಯ ಎರೆಮಣ್ಣಾದರೆ ಒಂದಿಷ್ಟು ಮರಳು ಬೆರೆಸಿ ಮಡಿಯನ್ನು ನಾಲ್ಕು ಬೆರಳು ಎತ್ತರ ಮಾಡುವುದು ಲೇಸು. ಗೊಬ್ಬರದ ಆಡಂಬರ ಬೇಡ; ಒಂದು ಪುಟ್ಟಿ ಹಳೆಯ ತಿಪ್ಪೆಗೊಬ್ಬರ ಸಾಕು.

ಬೀಜ ಅತಿ ಸಣ್ಣದು. ಅದನ್ನು ಒಣಮರಳಿನಲ್ಲಿ ಬೆರೆಸಿ ರಂಗೋಲಿ ಎಳೆಯುವಂತೆ ಬೆರಳ ಸಂದಿಯಿಂದ ಉದುರಿಸಬೇಕು. ಮೇಲೆ ಮಣ್ಣು ಮುಚ್ಚಬಾರದು. ಮೊಳೆಯಲು ಅದಕ್ಕೆ ಬೆಳಕೂ ಬೇಕು, ಬಿಸಿಯೂ ಬೇಕು. ಅಂಗೈಯಿಂದ ಮೆಲ್ಲನೆ ಒತ್ತಿ, ಮೊಳೆಯುವವರೆಗೆ ದಿನಕ್ಕೊಮ್ಮೆ ನೀರು ಚಿಮುಕಿಸಿದರಾಯಿತು. ಮಾಗಿಯ ಚಳಿಯಲ್ಲಿ ಬಿತ್ತಿದರೆ ಹುಟ್ಟುವುದು ತಡ; ಯುಗಾದಿಯಿಂದ ಮುಂಗಾರಿನವರೆಗೆ ಸರಿಯಾದ ಕಾಲ. ಬೀಜಕ್ಕಿಂತಲೂ ದಂಟು ನೆಡುವುದು ಸುಲಭ. ನಾಲ್ಕು ಬೆರಳುದ್ದದ ತುಂಡುಗಳನ್ನು ಕೆಳಗಿನ ಎಲೆ ಬಿಡಿಸಿ ಗೇಣಿಗೊಂದರಂತೆ ಊರಿದರೆ ವಾರದೊಳಗಾಗಿ ಬೇರು ಹಿಡಿಯುತ್ತವೆ.

ಬೇರು ಹಿಡಿದ ಮೇಲೆ ನೀರಿನಲ್ಲಿ ಜಿಪುಣತನವೇ ಗುಣ. ಬೇಸಗೆಯಲ್ಲಿ ವಾರಕ್ಕೆ ಒಂದೆರಡು ಸಲ, ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆ ಕೊಟ್ಟರೆ ಸಾಕು. ಅತಿಯಾಗಿ ನೀರುಣಿಸಿದರೆ ದಂಟು ಕೊಳೆಯುತ್ತದೆ. ಬಿತ್ತಿದ ಐದಾರು ವಾರಗಳಿಗೆ ಕೊಯ್ಲಿಗೆ ಬರುತ್ತದೆ. ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಬೇಕು, ಮತ್ತೆ ಚಿಗುರುತ್ತದೆ. ಹೂ ಕಾಣಿಸಿಕೊಳ್ಳುವ ಮುನ್ನ ಕೊಯ್ದ ಸೊಪ್ಪು ಎಳೆಯದು, ರುಚಿಯಾದದ್ದು.

ಒಂದು ಎಚ್ಚರಿಕೆ. ಬೀಜ ಉದುರುವ ತನಕ ಬಿಟ್ಟರೆ ಇದು ಅಂಗಳದ ಎಲ್ಲೆಯಲ್ಲಿ ನಿಲ್ಲುವುದಿಲ್ಲ. ಬಿತ್ತನೆಗೆ ಒಂದೆರಡು ಗಿಡಗಳನ್ನು ಉಳಿಸಿಕೊಂಡು ಮಿಕ್ಕವನ್ನು ಕಾಯಾಗುವ ಮೊದಲೇ ಕತ್ತರಿಸಬೇಕು. ಈರುಳ್ಳಿ, ಮೆಣಸಿನ ಎಳೆಯ ಸಸಿಗಳ ನಡುವೆ ಇದಕ್ಕೆ ಎಡೆಗೊಡಬಾರದು. ಬುಡ ಬಲಿತ ಮರಗಳ ಸುತ್ತ, ಕಾಲುದಾರಿಯ ಬದಿಯಲ್ಲಿ ಹಾಸಿಕೊಂಡರೆ ಮಾತ್ರ ಬರಿಯ ಮಣ್ಣು ಬಿಸಿಲಿಗೆ ಕಾಯುವುದನ್ನು ತಡೆದು ತಂಪು ಉಳಿಸುತ್ತದೆ.

ಬಣ್ಣದ ಹೂವನ್ನು ಬಯಸುವವರಿಗೆ ಇದರ ದಾಯಾದಿಯೊಂದಿದೆ. ನರ್ಸರಿಯವರು ಟೇಬಲ್ ರೋಸ್ ಎಂದು ಮಾರುವ ಸೂಜಿಯೆಲೆಯ ಗಿಡ ಅದು. ದಕ್ಷಿಣ ಅಮೆರಿಕೆಯಿಂದ ಬಂದ ಆ ಹೂವೂ ಬಿಸಿಲೇರಿದಾಗ ಅರಳಿ ಇಳಿಹೊತ್ತಿಗೆ ಮುಚ್ಚುತ್ತದೆ. ಬೆಳೆಸುವ ಕ್ರಮ ಎರಡಕ್ಕೂ ಒಂದೇ. ಆದರೆ ಅದನ್ನು ನೋಡಿ ಸಂತೋಷಪಡಬೇಕು, ಅಡುಗೆಗೆ ಗೋಳಿಯೇ ಇರಲಿ.

ಒಲೆಯ ಮೇಲೆ

ಗೋಳಿಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ನೆಲಕ್ಕಂಟಿ ಬೆಳೆಯುವುದರಿಂದ ಮಣ್ಣು ಬಿಡುವುದು ನಿಧಾನ. ತೊಗರಿ ಇಲ್ಲವೆ ಹೆಸರುಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳ ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಇದಕ್ಕಿಂತ ಹೊಂದುವ ಪಲ್ಯ ಬೇರೆ ಬೇಡ. ಉಪ್ಪು ಹುಳಿಗಳನ್ನು ರುಚಿ ನೋಡಿಯೇ ಹಾಕಬೇಕು. ಎಲೆಯಲ್ಲಿಯೇ ಅವೆರಡರ ಪಾಲೂ ಇದೆ. ಬೇಯಿಸಿ ಹಿಂಡಿದ ಸೊಪ್ಪನ್ನು ಗಟ್ಟಿ ಮೊಸರಿನಲ್ಲಿ ಕಲಸಿದರೆ ಬೇಸಗೆಗೆ ಹಿತವಾದ ಪಚಡಿ.

ಅಮೆರಿಕದ ಥೋರೋ ವಾಲ್ಡನ್ ಕೊಳದ ದಡದಲ್ಲಿ ಸರಳ ಜೀವನವನ್ನು ಪರೀಕ್ಷಿಸುತ್ತಿದ್ದಾಗ, ತನ್ನ ಮೆಕ್ಕೆಜೋಳದ ಹೊಲದಲ್ಲಿ ಬೆಳೆದ ಗೋಳಿಯನ್ನೇ ಬೇಯಿಸಿ ಉಪ್ಪು ಹಾಕಿ ತೃಪ್ತಿಯಾಗಿ ಉಂಡುದನ್ನು 1854ರ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಆತನು ತತ್ತ್ವಕ್ಕಾಗಿ ಉಂಡುದನ್ನು ನಮ್ಮ ಸೀಮೆಯ ಬಡವರು ಹಸಿವಿಗಾಗಿ ಉಂಡಿದ್ದಾರೆ.

1986ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಒಮೆಗಾ-3 ಎಂಬ ಮೇದಸ್ಸು ಈ ಸೊಪ್ಪಿನಲ್ಲಿ ಇತರ ಎಲೆಗಳಿಗಿಂತ ಹೆಚ್ಚಾಗಿದೆಯೆಂದು ತಿಳಿಸಿದರು. ನೂರು ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಆ ಬಗೆಯ ಮೇದಸ್ಸು, ಸುಮಾರು 27 ಮಿಲಿಗ್ರಾಂ ಸಿ ಜೀವಸತ್ವ, 12 ಮಿಲಿಗ್ರಾಂ ಇ ಜೀವಸತ್ವ ದೊರೆತವು. ಆದರೆ ಹೊಗಳಿಕೆಯ ಭರದಲ್ಲಿ ಒಂದನ್ನು ಮರೆಯಬಾರದು. ಪಾಲಕಿನಂತೆ ಇದರಲ್ಲಿಯೂ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ. ಮೂತ್ರಕೋಶದ ಕಲ್ಲಿನ ತೊಂದರೆಯುಳ್ಳವರು, ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳದೆ ತಿನ್ನಬಾರದು. ಇತರರೂ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಆಮ್ಲದ ಒಂದು ಪಾಲು ಹೋಗುತ್ತದೆ. ಮೊಸರಿನೊಡನೆ ತಿಂದರೆ ಮೊಸರಿನ ಸುಣ್ಣದಂಶ ಅದನ್ನು ಕಟ್ಟಿಹಾಕುತ್ತದೆ.

ಇನ್ನೊಂದು ಮಾತು: ನೆಲಕ್ಕಂಟಿ ಹರಡುವ, ಎಲೆ ತೆಳುವಾದ, ದಂಟು ಮುರಿದರೆ ಬಿಳಿಯ ಹಾಲು ಸುರಿಸುವ ಗಿಡಗಳಿವೆ. ಅವು ಗೋಳಿಯಲ್ಲ, ತಿನ್ನತಕ್ಕವೂ ಅಲ್ಲ. ಗೋಳಿಯ ದಂಟು ಮುರಿದರೆ ಬರುವುದು ತಿಳಿಯಾದ ನೀರಿನಂಥ ರಸ. ಗುರುತು ಸಿಗದಿದ್ದರೆ ಬಲ್ಲವರಿಗೆ ತೋರಿಸಿಯೇ ಕೀಳಬೇಕು.

ಬರಿದಾದ ಉಡಿ

ಇಷ್ಟೆಲ್ಲ ಗುಣವುಳ್ಳ, ನಲವತ್ತು ವರ್ಷ ಮಣ್ಣಿನಲ್ಲಿ ಹೂತರೂ ಮೊಳೆಯುವ ಗಿಡ ನಮ್ಮವರ ಊಟದಿಂದ ಮರೆಯಾಗುತ್ತಿದೆಯೆಂದರೆ ನಂಬುವುದು ಕಷ್ಟ. ಆದರೆ ನಮ್ಮ ಸುತ್ತಣ ಹೊಲಗಳಲ್ಲಿ ನಡೆದಿರುವುದು ಅದೇ. ಜೋಳ, ನವಣೆಗಳಿದ್ದ ಹೊಲಗಳನ್ನು ಈಗ ಬಹುಮಟ್ಟಿಗೆ ಮೆಕ್ಕೆಜೋಳ ಆಕ್ರಮಿಸಿದೆ. ಬಿತ್ತಿದ ಬೆನ್ನಲ್ಲೇ ಅಟ್ರಜಿನ್‌ನಂಥ ಕಳೆನಾಶಕವನ್ನು ಸಿಂಪಡಿಸುವ ವಾಡಿಕೆ ಬೆಳೆದಿದೆ. ರೈತರನ್ನು ದೂರುವುದು ನ್ಯಾಯವಲ್ಲ. ಕಳೆ ತೆಗೆಸುವ ಕೂಲಿಯನ್ನೂ ಬೆಳೆಯ ಬೆಲೆಯನ್ನೂ ತೂಗಿ ನೋಡಿದವನಿಗೆ ಔಷಧಿಯೇ ಅಗ್ಗ. ಆದರೆ ಕುರ್ಚಿಗಿ ಹಿಡಿದು ಸಾಲಿನಲ್ಲಿ ಕುಳಿತು ಕಳೆ ತೆಗೆಯುತ್ತಿದ್ದ ಹೆಂಗಸರು ಸಂಜೆ ಮನೆಗೆ ಎರಡನ್ನು ಒಯ್ಯುತ್ತಿದ್ದರು: ಸೆರಗಿನಲ್ಲಿ ಕೂಲಿ, ಉಡಿಯಲ್ಲಿ ಸೊಪ್ಪು. ಔಷಧಿ ಬಂದ ಹೊಲದಲ್ಲಿ ಎರಡೂ ಇಲ್ಲ. ಅಲ್ಲಿ ಉಳಿದು ಬೆಳೆದ ಗೋಳಿಯೂ ತಿನ್ನಲು ಯೋಗ್ಯವಲ್ಲ. ತೊಳೆದರೆ ಹೋಗುವ ದೋಷವಲ್ಲ ಅದು.

ಧಾತು, ಈಶ್ವರ ಸಂವತ್ಸರಗಳ ಬರಗಾಲ (1876–78) ಬಳ್ಳಾರಿ ಸೀಮೆಯನ್ನು ಹುರಿದಿಟ್ಟಿತು. ಅಂಥ ದಿನಗಳಲ್ಲಿ ಜನ ಅಡವಿಯ ಸೊಪ್ಪು ಗೆಡ್ಡೆಗಳನ್ನು ಹುಡುಕಿ ಜೀವ ಹಿಡಿದರು. ಯಾವ ಎಲೆ ತಿನ್ನಬೇಕು, ಯಾವುದು ಬಾರದು, ಯಾವ ಹೊತ್ತಿಗೆ ಕಿತ್ತರೆ ಹುಳಿ, ಯಾವ ಹೊತ್ತಿಗೆ ಸಪ್ಪೆ ಎಂಬ ತಿಳಿವು ಹೀಗೆ ಹಸಿದವರಿಂದ ಹಸಿದವರಿಗೆ ಬಂದದ್ದು. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಮರಳಿ ಬಳ್ಳಾರಿಗೆ ಬಂದಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ನೆಲ ಅದೇ, ಮಳೆಯ ಲೆಕ್ಕವೂ ಅದೇ.

ನಮ್ಮೂರಿನ ಭೀಮೇಶ್ವರ ದೇವಾಲಯವನ್ನು ನೋಡಲು ಬರುವ ಮಿತ್ರರಿಗೆ ನಾನೀಗ ಎರಡನ್ನು ತೋರಿಸುತ್ತೇನೆ. ಮೊದಲನೆಯದು ಕಲ್ಯಾಣದ ಚಾಲುಕ್ಯರ ಕಾಲದ ಆ ಕೆತ್ತನೆ. 1896ರಲ್ಲಿ ಅಲೆಗ್ಸಾಂಡರ್ ರೀ ಎಂಬ ಅಧಿಕಾರಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಶಿಲ್ಪವನ್ನು ಕುರಿತು ಬರೆದ ಗ್ರಂಥದಲ್ಲಿ ಅದರ ವಿವರಗಳಿವೆ. ಎರಡನೆಯದು, ನಡೆದು ಬರುವ ದಾರಿಯ ಬದಿಯಲ್ಲಿ ಕಲ್ಲಿನ ಸಂದಿಯಿಂದ ಇಣುಕುವ ಗೋಳಿ. ಕಲ್ಲಿನ ಬಳ್ಳಿಗೆ ಕಾವಲುಗಾರರಿದ್ದಾರೆ. ಕಾಲಡಿಯ ಬಳ್ಳಿಗೆ ಕಾವಲು ಬೇಡ, ಹೆಸರು ಹಿಡಿದು ಕರೆಯುವವರು ಇದ್ದರೆ ಸಾಕು.

ನನ್ನ ಅಂಗಳದ ಕತೆಯನ್ನು ಹೇಳಿ ಮುಗಿಸುತ್ತೇನೆ. ಗೋಡೆಯ ಬದಿಯ ಮಣ್ಣನ್ನು ಒಂದಡಿ ಆಳ ಅಗೆಸಿ ತೆಗೆಸಿದೆ. ಹೊಸ ಮಣ್ಣು ತುಂಬಿಸಿ, ಒಂದು ವರ್ಷ ಅಲ್ಲಿ ಬೆಳೆದುದನ್ನು ಯಾರೂ ಮುಟ್ಟದಂತೆ ನೋಡಿಕೊಂಡೆ. ಎರಡನೆಯ ವರ್ಷ ಅಜ್ಜಿಯೇ ತನ್ನ ಹಿತ್ತಲಿನಿಂದ ಒಂದು ಹಿಡಿ ದಂಟು ತಂದು ಊರಿಕೊಟ್ಟಳು. ಈಗ ಅಂಗಳದ ತುಂಬ ಗೋಳಿ ಹಾಸಿದೆ. ಬೆಳಗಿನ ಹತ್ತು ಗಂಟೆಯ ಬಿಸಿಲಿಗೆ ಹಳದಿಯ ಚುಕ್ಕೆಗಳು ಅರಳುತ್ತವೆ. ಬಕೆಟ್ಟಿನಲ್ಲಿ ಉಳಿದ ನೀರಲ್ಲದೆ ಬೇರೆ ನೀರನ್ನು ಅದಕ್ಕೆ ನಾನು ಕೊಟ್ಟಿಲ್ಲ.

ಕಳೆದ ವಾರ ನಸುಕಿನಲ್ಲಿ ಬಾಗಿಲು ತೆರೆದಾಗ ಅಜ್ಜಿ ಅಂಗಳದಲ್ಲಿ ಕುಳಿತಿದ್ದಳು. ಉಡಿ ಅರ್ಧ ತುಂಬಿತ್ತು.

"ಔಷಧಿ ಏನಾರ ಹೊಡದೀಯೇನೋ ತಮ್ಮಾ?" ಎಂದು ಕೇಳಿದಳು. ಪ್ರತಿಸಲವೂ ಕೇಳುತ್ತಾಳೆ.

"ಇಲ್ಲವ್ವಾ" ಎಂದೆ. ಆಕೆ ತಲೆಯಾಡಿಸಿ ಮತ್ತೆ ಕೀಳತೊಡಗಿದಳು.